ಗೆಸ್ಟ್‌ನ ಲೆಕ್ಕ ಆಗಾಗ ತಪ್ಪುವುದೇಕೆ? ಹೈಪರ್‌ವೈಸರ್ ಮತ್ತು ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳು

ಪ್ರಶ್ನೆ: ಕಲಿಯಲೆಂದು ಇಂಟೆಲ್ ವಿಎಂಎಕ್ಸ್ (ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯ) ಬಳಸಿ ಒಂದು ಚಿಕ್ಕ ಹೈಪರ್‌ವೈಸರ್, ಅಂದರೆ ಒಂದು ಯಂತ್ರದೊಳಗೆ (ಹೋಸ್ಟ್) ಇನ್ನೊಂದು ಆಪರೇಟಿಂಗ್ ಸಿಸ್ಟಂ (ಗೆಸ್ಟ್) ಓಡಿಸುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಅದು ಲಿನಕ್ಸ್ ಕರ್ನಲ್ ಮಾಡ್ಯೂಲ್ ರೂಪದಲ್ಲಿದೆ. ಗೆಸ್ಟ್ ಚೆನ್ನಾಗಿ ಬೂಟ್ ಆಗುತ್ತದೆ, ಶೆಲ್ ಕೂಡ ಬರುತ್ತದೆ. ಆದರೆ ಗೆಸ್ಟ್ ಒಳಗೆ ಮ್ಯಾಟ್ರಿಕ್ಸ್ ಗುಣಾಕಾರದ ಪ್ರೋಗ್ರಾಂ ಓಡಿಸಿದರೆ ಕೆಲವು ಸಲ ಉತ್ತರ ತಪ್ಪು ಬರುತ್ತದೆ. ಹೋಸ್ಟ್‌ನ ಪ್ರೋಗ್ರಾಂಗಳೂ ಆಗಾಗ ಕ್ರ್ಯಾಶ್ ಆಗುತ್ತವೆ. ಪ್ರತಿ ವಿಎಂ ಎಕ್ಸಿಟ್‌ನಲ್ಲೂ (ಗೆಸ್ಟ್‌ನಿಂದ ಹೈಪರ್‌ವೈಸರ್‌ಗೆ ನಿಯಂತ್ರಣ ಬರುವಾಗ) ಎಫ್‌ಎಕ್ಸ್‌ಸೇವ್, ಅಂದರೆ ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್‌ಗಳನ್ನು ಮೆಮೊರಿಗೆ ಉಳಿಸುವ ಸೂಚನೆ, ಹಾಕಿ ನೋಡಿದೆ. ತಪ್ಪು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ವೇಗವೂ ಬಿತ್ತು. ಯಾರಾದರೂ ಬಳಸುವವರೆಗೆ ರಿಜಿಸ್ಟರ್ ಬದಲಾಯಿಸದ ಲೇಜಿ ವಿಧಾನಕ್ಕೆ ಹೋಗಬೇಕೇ? ಮುಂದೆ ಎವಿಎಕ್ಸ್-512 (512 ಬಿಟ್ ವೆಕ್ಟರ್ ಸೂಚನೆಗಳು) ಸೇರಿಸಿದರೆ ಏನು ಬದಲಾಗುತ್ತದೆ?

ಉತ್ತರ: ಲೇಜಿ ಬೇಡ. ಪ್ರತಿ ಎಕ್ಸಿಟ್‌ಗೂ ಸೇವ್ ಮಾಡುವುದೂ ಬೇಡ. ಎಫ್‌ಎಕ್ಸ್‌ಸೇವ್ ಅಂತೂ ಬೇಡವೇ ಬೇಡ. ಈ ಮೂರಕ್ಕೂ ಕಾರಣ ಒಂದೇ ಕಡೆ ಸಿಗುತ್ತದೆ: ಈ ಕ್ಷಣ ರಿಜಿಸ್ಟರ್‌ನಲ್ಲಿರುವ ಅಂಕಿ ಯಾರದ್ದು ಅನ್ನುವುದು ನಿಮ್ಮ ಕೋಡ್‌ಗೆ ಸದಾ ಗೊತ್ತಿರಬೇಕು. ಈಗ ಅದಕ್ಕೆ ಗೊತ್ತಿಲ್ಲ.

ಮೊದಲು ಹಾರ್ಡ್‌ವೇರ್ ಏನು ಮಾಡುತ್ತದೆ ನೋಡೋಣ. ಎಂಟ್ರಿ (ಗೆಸ್ಟ್‌ಗೆ ಹೋಗುವುದು) ಮತ್ತು ಎಕ್ಸಿಟ್ ಹೊತ್ತಿನಲ್ಲಿ ಪ್ರೊಸೆಸರ್ ತಾನಾಗಿ ಬದಲಾಯಿಸುವುದು ವಿಎಂಸಿಎಸ್‌ನಲ್ಲಿ (ಗೆಸ್ಟ್ ಮತ್ತು ಹೋಸ್ಟ್ ಸ್ಥಿತಿ ಇಡುವ ಮೆಮೊರಿ ರಚನೆ) ಜಾಗ ಇರುವುದನ್ನು ಮಾತ್ರ. ಆರ್‌ಐಪಿ, ಆರ್‌ಎಸ್‌ಪಿ, ಫ್ಲ್ಯಾಗ್‌ಗಳು, ಸಿಆರ್0, ಸಿಆರ್3, ಸಿಆರ್4, ಸೆಗ್ಮೆಂಟ್‌ಗಳು, ಕೆಲವು ಎಂಎಸ್‌ಆರ್‌ಗಳು (ಪ್ರೊಸೆಸರ್‌ನ ಸೆಟ್ಟಿಂಗ್ ರಿಜಿಸ್ಟರ್‌ಗಳು), ಇಂಥವು ಅಷ್ಟೇ. ಆರ್‌ಎಎಕ್ಸ್, ಆರ್‌ಬಿಎಕ್ಸ್‌ಗಳಂಥ ಸಾಮಾನ್ಯ ರಿಜಿಸ್ಟರ್‌ಗಳಿಗೇ ಅಲ್ಲಿ ಜಾಗ ಇಲ್ಲ, ಅದಕ್ಕೇ ನೀವು ಅವನ್ನು ಕೈಯಾರೆ ಪುಶ್, ಪಾಪ್ ಮಾಡುತ್ತೀರಿ. ಫ್ಲೋಟಿಂಗ್ ಪಾಯಿಂಟ್‌ನ ಎಕ್ಸ್87, ವೆಕ್ಟರ್ ರಿಜಿಸ್ಟರ್‌ಗಳಾದ ಎಕ್ಸ್‌ಎಂಎಂ (128 ಬಿಟ್), ವೈಎಂಎಂ (256), ಝಡ್‌ಎಂಎಂ (512) ಇವುಗಳಿಗೂ ಇಲ್ಲ. ಎಎಂಡಿಯಲ್ಲಿ ಇದೇ ಕೆಲಸ ಮಾಡುವ ವಿಎಂಸಿಬಿಯ ಕಥೆಯೂ ಹೆಚ್ಚುಕಡಿಮೆ ಇದೇ. ಎಸ್‌ಇವಿ-ಇಎಸ್ (ರಿಜಿಸ್ಟರ್‌ಗಳನ್ನೂ ಹೈಪರ್‌ವೈಸರ್‌ನಿಂದ ಮರೆಮಾಡುವ ಎಎಂಡಿ ಸೌಲಭ್ಯ) ಗೆಸ್ಟ್ ಮಾತ್ರ ಬೇರೆ: ಅಲ್ಲಿ ಗೆಸ್ಟ್‌ನ ಎಫ್‌ಪಿಯು (ಫ್ಲೋಟಿಂಗ್ ಪಾಯಿಂಟ್ ಮತ್ತು ವೆಕ್ಟರ್ ರಿಜಿಸ್ಟರ್‌ಗಳ) ಸ್ಥಿತಿಯನ್ನು ಹಾರ್ಡ್‌ವೇರೇ ಎನ್‌ಕ್ರಿಪ್ಟ್ ಆದ ಜಾಗಕ್ಕೆ ಬರೆಯುತ್ತದೆ. ಆದರೆ ಹೋಸ್ಟ್‌ನದ್ದನ್ನು ಅದು ಉಳಿಸುವುದಿಲ್ಲ, ಎಕ್ಸಿಟ್ ಆದಾಗ ಆರಂಭದ ಬೆಲೆಗೆ ತಂದುಬಿಡುತ್ತದೆ.

ಅಂದರೆ ಎಕ್ಸಿಟ್ ಆದ ಮೇಲೆ ಓಡುವುದು ನಿಮ್ಮ ಕೋಡ್, ವೆಕ್ಟರ್ ರಿಜಿಸ್ಟರ್‌ಗಳಲ್ಲಿ ಕೂತಿರುವುದು ಗೆಸ್ಟ್‌ನ ಅಂಕಿ. ಯಾರೂ ಮುಟ್ಟದಿದ್ದರೆ ತೊಂದರೆ ಇಲ್ಲ. ಲಿನಕ್ಸ್ ಕರ್ನಲ್‌ನ ಸಾಮಾನ್ಯ ಕೋಡ್ ಎಸ್‌ಎಸ್‌ಇ, ಎವಿಎಕ್ಸ್ ವೆಕ್ಟರ್ ಸೂಚನೆಗಳನ್ನು ಬಳಸದಂತೆ ಕಂಪೈಲ್ ಆಗಿರುತ್ತದೆ. ಆದ್ದರಿಂದ ಬಹಳಷ್ಟು ಎಕ್ಸಿಟ್‌ಗಳು ಏನನ್ನೂ ಕೆಡಿಸದೆ ದಾಟಿ ಹೋಗುತ್ತವೆ. ಕೆಡುವುದು ಮೂರು ಸಂದರ್ಭಗಳಲ್ಲಿ. ಶೆಡ್ಯೂಲರ್ ನಡುವೆ ಬೇರೆ ಪ್ರೋಗ್ರಾಂ ಓಡಿಸಿದರೆ ಕೆಡುತ್ತದೆ. ಡಿವೈಸ್ ಎಮ್ಯುಲೇಷನ್‌ಗೆಂದು ಯೂಸರ್‌ಸ್ಪೇಸ್‌ಗೆ ಹೋದರೆ ಕೆಡುತ್ತದೆ, ಯಾಕೆಂದರೆ ಅಲ್ಲಿ ಜಿಲಿಬ್‌ಸಿ ಲೈಬ್ರರಿಯ ಮೆಮ್‌ಕಾಪಿ (ಮೆಮೊರಿ ನಕಲು) ಕೂಡ ವೆಕ್ಟರ್ ರಿಜಿಸ್ಟರ್‌ಗಳನ್ನೇ ಬಳಸುತ್ತದೆ. ಇನ್ನು ಕರ್ನಲ್ ಒಳಗೇ ಎನ್‌ಕ್ರಿಪ್ಷನ್, ರೇಡ್ ಪ್ಯಾರಿಟಿಯಂಥ ಕೆಲಸಗಳು ಬೇಕೆಂದೇ ಎಫ್‌ಪಿಯು ಬಳಸುತ್ತವೆ. ಈ ಮೂರರಲ್ಲಿ ಯಾವುದಾದರೂ ಒಂದು ಲೆಕ್ಕದ ನಡುವೆ ಬಂದರೆ ಉತ್ತರ ತಪ್ಪುತ್ತದೆ. ಬರದಿದ್ದರೆ ಎಲ್ಲ ಸರಿ. ನೀವು ನೋಡಿದ 'ಕೆಲವು ಸಲ' ಇದೇ. ಹೋಸ್ಟ್ ಪ್ರೋಗ್ರಾಂ ಕ್ರ್ಯಾಶ್ ಆಗುವುದು ಇದರ ಇನ್ನೊಂದು ಮುಖ: ಗೆಸ್ಟ್ ಬಿಟ್ಟುಹೋದ ಅಂಕಿಗಳನ್ನು ತನ್ನವೇ ಅಂದುಕೊಂಡು ಅದು ಮುಂದುವರಿಯುತ್ತದೆ.

ಎಫ್‌ಎಕ್ಸ್‌ಸೇವ್ ಹಾಕಿದ ಮೇಲೂ ತಪ್ಪು ಯಾಕೆ ಉಳಿಯಿತು? ಎಫ್‌ಎಕ್ಸ್‌ಸೇವ್ ಬರೆಯುವುದು 512 ಬೈಟ್. ಅದರಲ್ಲಿ ಎಕ್ಸ್87 ಸ್ಥಿತಿ, ಎಂಎಕ್ಸ್‌ಸಿಎಸ್‌ಆರ್ (ಎಸ್‌ಎಸ್‌ಇಯ ನಿಯಂತ್ರಣ ರಿಜಿಸ್ಟರ್), 16 ಎಕ್ಸ್‌ಎಂಎಂ ರಿಜಿಸ್ಟರ್‌ಗಳು ಇರುತ್ತವೆ. ಎವಿಎಕ್ಸ್ ಬಂದಾಗ ಅದೇ ರಿಜಿಸ್ಟರ್‌ಗಳು 256 ಬಿಟ್‌ಗೆ ಬೆಳೆದವು. ಮೇಲಿನ 128 ಬಿಟ್ ಎಫ್‌ಎಕ್ಸ್‌ಸೇವ್ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ನಿಮ್ಮ ಗೆಸ್ಟ್‌ಗೆ ಕೆಳಗಿನ ಅರ್ಧ ತನ್ನದು, ಮೇಲಿನ ಅರ್ಧ ಬೇರೆಯವರದು ಸಿಗುತ್ತಿದೆ. ತಪ್ಪಾಗಿ ಬಂದ ಮ್ಯಾಟ್ರಿಕ್ಸ್ ಅನ್ನು ಒಮ್ಮೆ ಹತ್ತಿರದಿಂದ ನೋಡಿ. ಡಬಲ್ ಅಂಕಿಗಳಾದರೆ ಒಂದು ವೈಎಂಎಂನಲ್ಲಿ ನಾಲ್ಕು ಹಿಡಿಯುತ್ತವೆ. ನಾಲ್ಕರ ಪ್ರತಿ ಗುಂಪಿನಲ್ಲೂ ಮೂರನೆಯದು, ನಾಲ್ಕನೆಯದು ಮಾತ್ರ ಕೆಟ್ಟಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಬಳಸಬೇಕಾದ್ದು ಎಕ್ಸ್‌ಸೇವ್ ಕುಟುಂಬ (ಉಳಿಸಲು ಎಕ್ಸ್‌ಸೇವ್, ವಾಪಸ್ ಲೋಡ್ ಮಾಡಲು ಎಕ್ಸ್‌ಆರ್‌ಸ್ಟೋರ್). ಅದರ ಬಫರ್‌ನ ಮೊದಲ 512 ಬೈಟ್ ಹಳೆಯ ಎಫ್‌ಎಕ್ಸ್‌ಸೇವ್ ಭಾಗ, ಆಮೇಲೆ 64 ಬೈಟ್ ಹೆಡರ್, ಅದಾದ ಮೇಲೆ ಒಂದೊಂದು ಘಟಕ. ಎವಿಎಕ್ಸ್‌ನ ಮೇಲಿನ ಅರ್ಧಗಳು 576ನೇ ಬೈಟ್‌ನಿಂದ ಶುರುವಾಗಿ 256 ಬೈಟ್ ಹಿಡಿಯುತ್ತವೆ. ಎವಿಎಕ್ಸ್-512ಗೆ ಮೂರು ಘಟಕಗಳಿವೆ: ಮಾಸ್ಕ್ ರಿಜಿಸ್ಟರ್‌ಗಳಿಗೆ 64 ಬೈಟ್, ಮೊದಲ 16 ಝಡ್‌ಎಂಎಂಗಳ ಮೇಲಿನ ಅರ್ಧಕ್ಕೆ 512, ಉಳಿದ 16ಕ್ಕೆ 1024. ಒಟ್ಟು ಎಷ್ಟು ಜಾಗ ಬೇಕು ಅನ್ನುವುದನ್ನು ಕೋಡ್‌ನಲ್ಲಿ ನೇರವಾಗಿ ಬರೆಯಬೇಡಿ. ಪ್ರೊಸೆಸರ್‌ನ ಸೌಲಭ್ಯಗಳನ್ನು ತಿಳಿಸುವ ಸಿಪಿಯುಐಡಿ ಸೂಚನೆಯ 13ನೇ ಲೀಫ್ (ಉತ್ತರದ ಒಂದು ಭಾಗ) ಅದನ್ನು ಹೇಳುತ್ತದೆ. ಪ್ರತಿ ಘಟಕದ ಜಾಗ ಮತ್ತು ಗಾತ್ರ ಎರಡನ್ನೂ ಅದೇ ಹೇಳುತ್ತದೆ, ಅದನ್ನೇ ನಂಬಿ. ಇನ್ನೊಂದು ಮಾತು: ಬಫರ್ 64 ಬೈಟ್ ಗಡಿಯಲ್ಲಿ ಶುರುವಾಗಬೇಕು. ಇಲ್ಲದಿದ್ದರೆ ಜಿಪಿ ಫಾಲ್ಟ್ (ನಿಯಮ ಮುರಿದಾಗ ಪ್ರೊಸೆಸರ್ ಎತ್ತುವ ದೋಷ) ಬರುತ್ತದೆ. ಹೆಡರ್‌ನ ಮೊದಲ 16 ಬೈಟ್ ಬಿಟ್ಟು ಉಳಿದದ್ದು ಸೊನ್ನೆ ಇರಬೇಕು, ಹಾಗಾಗಿ ಬಫರ್ ಕೊಡುವಾಗಲೇ ಸೊನ್ನೆ ತುಂಬಿ ಕೊಡಿ.

ಈಗ ಜನ ಜಾಸ್ತಿ ಎಡವುವ ಜಾಗಕ್ಕೆ ಬರೋಣ, ಎಕ್ಸ್‌ಸಿಆರ್0. ಯಾವ ಘಟಕಗಳನ್ನು ಬಳಸಬಹುದು ಅಂತ ಆಪರೇಟಿಂಗ್ ಸಿಸ್ಟಂ ಇದರಲ್ಲಿ ಬರೆಯುತ್ತದೆ. ಬಿಟ್ 0 ಎಕ್ಸ್87, ಬಿಟ್ 1 ಎಸ್‌ಎಸ್‌ಇ, ಬಿಟ್ 2 ಎವಿಎಕ್ಸ್, ಬಿಟ್ 5, 6, 7 ಎವಿಎಕ್ಸ್-512. ಗೆಸ್ಟ್ ಇದನ್ನು ಬದಲಾಯಿಸಲು ಎಕ್ಸ್‌ಸೆಟ್‌ಬಿವಿ ಬಳಸುತ್ತದೆ. ವಿಎಂಎಕ್ಸ್‌ನಲ್ಲಿ ಆ ಸೂಚನೆ ಯಾವಾಗಲೂ ಎಕ್ಸಿಟ್ ಮಾಡಿಸುತ್ತದೆ, ತಪ್ಪಿಸುವ ದಾರಿಯೇ ಇಲ್ಲ. ವಿಎಂಸಿಎಸ್‌ನಲ್ಲಿ ಎಕ್ಸ್‌ಸಿಆರ್0ಗೆ ಜಾಗವೂ ಇಲ್ಲ. ಅಂದರೆ ಗೆಸ್ಟ್‌ನ ಬೆಲೆಯನ್ನು ಎಂಟ್ರಿಗೆ ಮುಂಚೆ ಹಾಕುವುದು, ಎಕ್ಸಿಟ್ ಆದ ಮೇಲೆ ಹೋಸ್ಟ್‌ನದ್ದನ್ನು ವಾಪಸ್ ತರುವುದು ನಿಮ್ಮ ಕೆಲಸ. ಎರಡೂ ಒಂದೇ ಆಗಿದ್ದರೆ ಬರೆಯಬೇಡಿ, ಎಕ್ಸ್‌ಸೆಟ್‌ಬಿವಿ ಅಗ್ಗದ ಸೂಚನೆಯಲ್ಲ.

ಗೆಸ್ಟ್ ಕೊಟ್ಟ ಬೆಲೆಯನ್ನು ಹಾಗೇ ತೆಗೆದುಕೊಂಡು ನಿಜವಾದ ಎಕ್ಸ್‌ಸಿಆರ್0ಗೆ ಬರೆಯುವ ಕೋಡ್ ಬಹಳ ಅಪಾಯ. ಬಿಟ್ 0 ಸದಾ 1 ಇರಬೇಕು. ಎವಿಎಕ್ಸ್ ಬೇಕಾದರೆ ಎಸ್‌ಎಸ್‌ಇ ಇರಲೇಬೇಕು. 5, 6, 7 ಮೂರೂ ಒಟ್ಟಿಗೆ ಇರಬೇಕು, ಜೊತೆಗೆ ಎವಿಎಕ್ಸ್ ಕೂಡ. ಇದರಲ್ಲಿ ಒಂದು ತಪ್ಪಿದರೂ ಜಿಪಿ ಫಾಲ್ಟ್ ಬರುತ್ತದೆ, ಆದರೆ ಅದು ಬರುವುದು ನಿಮ್ಮ ಕರ್ನಲ್ ಕೋಡ್‌ನಲ್ಲಿ. ಗೆಸ್ಟ್‌ನಲ್ಲಿ ಕೂತವರು ಸುಮ್ನೆ ಒಂದು ಕೆಟ್ಟ ಸಂಖ್ಯೆ ಕೊಟ್ಟು ಇಡೀ ಹೋಸ್ಟ್ ಬೀಳಿಸಬಹುದು ಅಂತಾಯಿತು, ಅಲ್ವಾ? ಮೊದಲು ನೀವೇ ಪರೀಕ್ಷಿಸಿ. ಸರಿಯಿಲ್ಲದಿದ್ದರೆ ಫಾಲ್ಟ್ ಅನ್ನು ಗೆಸ್ಟ್‌ಗೇ ಇಂಜೆಕ್ಟ್ ಮಾಡಿ. ಸಿಪಿಯುಐಡಿಯಲ್ಲಿ ನೀವು ಗೆಸ್ಟ್‌ಗೆ ತೋರಿಸದ ಘಟಕದ ಬಿಟ್ ಇದ್ದರೂ ಅದೇ ಶಿಕ್ಷೆ. ಗೆಸ್ಟ್ ಎಕ್ಸ್‌ಸಿಆರ್0 ಬದಲಾಯಿಸಿದಾಗ ಸಿಪಿಯುಐಡಿ 13ನೇ ಲೀಫ್‌ನ ಇಬಿಎಕ್ಸ್ ಉತ್ತರವೂ ಬದಲಾಗಬೇಕು, ಯಾಕೆಂದರೆ ಅದು ಸದ್ಯ ಆನ್ ಇರುವ ಘಟಕಗಳಿಗೆ ಎಷ್ಟು ಜಾಗ ಬೇಕು ಅಂತ ಹೇಳುವ ಸಂಖ್ಯೆ. ಇದನ್ನು ಮರೆತರೆ ಗೆಸ್ಟ್ ಕರ್ನಲ್ ಚಿಕ್ಕ ಬಫರ್ ಇಟ್ಟುಕೊಂಡು ತನ್ನದೇ ಮೆಮೊರಿ ತುಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಎಕ್ಸ್‌ಸೇವ್ ಯಾವುದನ್ನು ಉಳಿಸುತ್ತದೆ? ನೀವು ಇಡಿಎಕ್ಸ್, ಇಎಎಕ್ಸ್‌ನಲ್ಲಿ ಕೊಟ್ಟ ಮಾಸ್ಕ್ ಮತ್ತು ಆ ಕ್ಷಣದ ಎಕ್ಸ್‌ಸಿಆರ್0, ಎರಡರಲ್ಲೂ ಇರುವ ಬಿಟ್‌ಗಳನ್ನು ಮಾತ್ರ. ಈಗ ಹೀಗೆ ಯೋಚಿಸಿ. ಗೆಸ್ಟ್ ಎಕ್ಸ್‌ಸಿಆರ್0ನಲ್ಲಿ 7 ಇಟ್ಟು ಎವಿಎಕ್ಸ್ ಬಳಸಿತು. ಆಮೇಲೆ ಏನೋ ಕಾರಣಕ್ಕೆ 3ಕ್ಕೆ ಇಳಿಸಿತು. ವೈಎಂಎಂನ ಮೇಲಿನ ಅರ್ಧದಲ್ಲಿ ಅಂಕಿಗಳು ಹಾಗೇ ಉಳಿದಿವೆ. ಎಕ್ಸಿಟ್ ಆಯಿತು, ನೀವು ಗೆಸ್ಟ್‌ನ ಎಕ್ಸ್‌ಸಿಆರ್0 ಇನ್ನೂ ಲೋಡ್ ಆಗಿರುವಾಗಲೇ ಎಕ್ಸ್‌ಸೇವ್ ಮಾಡಿದಿರಿ. ಮಾಸ್ಕ್‌ನಲ್ಲಿ ಎಲ್ಲ ಬಿಟ್ 1 ಇದ್ದರೂ ಮೇಲಿನ ಅರ್ಧ ಬಫರ್‌ಗೆ ಬರಲಿಲ್ಲ. ಮುಂದೆ ಗೆಸ್ಟ್ ಮತ್ತೆ 7 ಮಾಡಿದಾಗ ಅದಕ್ಕೆ ಸಿಗುವುದು ಬೇರೆ ಯಾರದ್ದೋ ಅಂಕಿ. ಲೋಡ್ ಮಾಡುವಾಗಲೂ ಇದೇ ತಪ್ಪಾದರೆ ಹೋಸ್ಟ್‌ನ ಅಂಕಿ ಗೆಸ್ಟ್‌ಗೆ ಕಾಣುತ್ತದೆ, ಅದು ಮಾಹಿತಿ ಸೋರಿಕೆ. ಆದ್ದರಿಂದ ಕ್ರಮ ಹೀಗಿರಲಿ: ಎಕ್ಸಿಟ್ ಆದ ಕೂಡಲೇ ಹೋಸ್ಟ್‌ನ ಎಕ್ಸ್‌ಸಿಆರ್0 ವಾಪಸ್, ಆಮೇಲೆ ಸೇವ್. ಎಂಟ್ರಿಯಲ್ಲಿ ಹೋಸ್ಟ್‌ನ ಎಕ್ಸ್‌ಸಿಆರ್0 ಇರುವಾಗಲೇ ಗೆಸ್ಟ್‌ನ ಸ್ಥಿತಿ ಪೂರ್ತಿ ಲೋಡ್, ಎಲ್ಲಕ್ಕಿಂತ ಕೊನೆಗೆ ಗೆಸ್ಟ್‌ನ ಎಕ್ಸ್‌ಸಿಆರ್0. ಗೆಸ್ಟ್ ಒಂದು ಘಟಕವನ್ನು ಮುಟ್ಟಿಲ್ಲದಿದ್ದರೆ ಹೆಡರ್‌ನಲ್ಲಿ ಅದರ ಬಿಟ್ 0 ಇರುತ್ತದೆ. ಎಕ್ಸ್‌ಆರ್‌ಸ್ಟೋರ್ ಆ ಘಟಕವನ್ನು ಆರಂಭದ ಸ್ಥಿತಿಗೆ ತರುತ್ತದೆ. ಹಳೆಯದು ಏನೂ ಉಳಿಯುವುದಿಲ್ಲ.

ಇದನ್ನೆಲ್ಲ ಯಾವಾಗ ಮಾಡಬೇಕು ಅನ್ನುವುದು ವೇಗದ ಪ್ರಶ್ನೆ. ಪ್ರತಿ ಎಕ್ಸಿಟ್‌ಗೂ ಎರಡು ಸಾವಿರಕ್ಕೂ ಹೆಚ್ಚು ಬೈಟ್ ಬರೆದು ಓದುವುದು ದಂಡ. ಹೆಚ್ಚಿನ ಎಕ್ಸಿಟ್‌ಗಳನ್ನು ನಿಮ್ಮ ಕೋಡ್ ಅಲ್ಲೇ ಮುಗಿಸಿ ಗೆಸ್ಟ್‌ಗೆ ವಾಪಸ್ ಕಳಿಸುತ್ತದೆ: ಸಿಪಿಯುಐಡಿ, ಎಂಎಸ್‌ಆರ್ ಓದು, ಟೈಮರ್. ಅಲ್ಲಿ ವೆಕ್ಟರ್ ರಿಜಿಸ್ಟರ್ ಮುಟ್ಟುವವರು ಇಲ್ಲ. ಹಾಗಾಗಿ ಸಾಮಾನ್ಯ ರಿಜಿಸ್ಟರ್‌ಗಳನ್ನು ಪ್ರತಿ ಎಕ್ಸಿಟ್‌ಗೂ ಬದಲಾಯಿಸಿ, ಎಕ್ಸ್‌ಸಿಆರ್0 ಬೇರೆ ಇದ್ದರೆ ಅದನ್ನೂ ಬದಲಾಯಿಸಿ. ದೊಡ್ಡ ಎಫ್‌ಪಿಯು ಬಫರ್ ಅನ್ನು ಮಾತ್ರ ವಿಸಿಪಿಯು (ಗೆಸ್ಟ್‌ನ ವರ್ಚುವಲ್ ಪ್ರೊಸೆಸರ್) ಓಡಿಸುವ ಲೂಪ್‌ಗೆ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಬದಲಾಯಿಸಿ. ಲಿನಕ್ಸ್‌ನದೇ ಹೈಪರ್‌ವೈಸರ್ ಕೆವಿಎಂ ಮಾಡುವುದೂ ಇದನ್ನೇ. ಯೂಸರ್‌ಸ್ಪೇಸ್ ರನ್ ಐಆಕ್ಟಲ್ (ಗೆಸ್ಟ್ ಓಡಿಸು ಎಂದು ಕರ್ನಲ್‌ಗೆ ಹೇಳುವ ಕರೆ) ಕರೆದಾಗ ಗೆಸ್ಟ್‌ನ ಸ್ಥಿತಿ ಬರುತ್ತದೆ, ಐಆಕ್ಟಲ್ ಮುಗಿಯುವಾಗ ಹೋಸ್ಟ್‌ನದ್ದು ವಾಪಸ್ ಬರುತ್ತದೆ. ನಡುವೆ ಸಾವಿರ ಎಕ್ಸಿಟ್ ಆದರೂ ಅದು ಎಫ್‌ಪಿಯುವನ್ನು ಮುಟ್ಟುವುದಿಲ್ಲ.

ಹಾಗಾದರೆ ನಡುವೆ ಇಂಟರಪ್ಟ್ ಬಂದು, ಸಾಫ್ಟ್‌ಐಆರ್‌ಕ್ಯೂನಲ್ಲಿ (ಇಂಟರಪ್ಟ್ ಬೆನ್ನಿಗೆ ಕರ್ನಲ್ ಓಡಿಸುವ ಕೆಲಸ) ಕರ್ನಲ್‌ನ ಎನ್‌ಕ್ರಿಪ್ಷನ್ ಕೋಡ್ ಎಫ್‌ಪಿಯು ಬಳಸಿದರೆ? ಕೆವಿಎಂನಲ್ಲಿ ಗೆಸ್ಟ್‌ನ ಬಫರ್ ಆ ಥ್ರೆಡ್‌ನ ಎಫ್‌ಪಿಯು ಸ್ಥಿತಿಯಾಗಿಯೇ ದಾಖಲಾಗಿರುತ್ತದೆ. ಕರ್ನಲ್ ಎಫ್‌ಪಿಯು ಬೇಕು ಅಂದಾಗ ಮೊದಲು ರಿಜಿಸ್ಟರ್‌ಗಳನ್ನು ಆ ಬಫರ್‌ಗೆ ಉಳಿಸುತ್ತದೆ, 'ಮತ್ತೆ ಲೋಡ್ ಮಾಡಬೇಕು' ಅಂತ ಥ್ರೆಡ್ ಮೇಲೆ ಒಂದು ಫ್ಲ್ಯಾಗ್ ಎತ್ತುತ್ತದೆ. ವಿಎಂ ಎಂಟ್ರಿಗೆ ಸ್ವಲ್ಪ ಮುಂಚೆ ಕೆವಿಎಂ ಆ ಫ್ಲ್ಯಾಗ್ ನೋಡುತ್ತದೆ, ಎದ್ದಿದ್ದರೆ ಮತ್ತೆ ಲೋಡ್ ಮಾಡುತ್ತದೆ. ಈ ನೋಟ ಇಂಟರಪ್ಟ್ ಮುಚ್ಚಿದ ಮೇಲೆ ಆಗಬೇಕು ಅನ್ನುವುದೇ ಇದರ ಜೀವಾಳ. ಮೊದಲೇ ನೋಡಿ ಆಮೇಲೆ ಇಂಟರಪ್ಟ್ ಮುಚ್ಚಿದರೆ ನಡುವಿನ ಆ ಚಿಕ್ಕ ಕಿಂಡಿಯಲ್ಲಿ ಕೆಡುತ್ತದೆ. ವಾರಕ್ಕೊಮ್ಮೆ ತಲೆ ಎತ್ತುವ, ಡೀಬಗರ್ ಹಾಕಿದರೆ ಮಾಯವಾಗುವ ಬಗ್‌ಗಳು ಹುಟ್ಟುವುದು ಇಂಥ ಕಡೆಯೇ.

ನಿಮ್ಮ ಮಾಡ್ಯೂಲ್‌ಗೆ ಅಷ್ಟೆಲ್ಲ ಬೇಕಿಲ್ಲ. ಕರ್ನಲ್ ಕೊಡುವ 'ಕರ್ನಲ್ ಎಫ್‌ಪಿಯು ಬಿಗಿನ್' ಮತ್ತು 'ಎಂಡ್' ಜೋಡಿಯನ್ನು ಬಳಸಿ. ಬಿಗಿನ್ ಕರೆದ ಕೂಡಲೇ ಆಗಿನ ಪ್ರೋಗ್ರಾಂನ ಸ್ಥಿತಿಯನ್ನು ಕರ್ನಲ್ ಉಳಿಸಿಕೊಳ್ಳುತ್ತದೆ, ಹಾಗಾಗಿ ಹೋಸ್ಟ್ ಕಡೆಯ ಚಿಂತೆ ನಿಮಗಿಲ್ಲ. ಆಮೇಲೆ ಗೆಸ್ಟ್‌ನದ್ದನ್ನು ಎಕ್ಸ್‌ಆರ್‌ಸ್ಟೋರ್ ಮಾಡಿ, ಲೂಪ್ ಓಡಿಸಿ, ಎಕ್ಸ್‌ಸೇವ್ ಮಾಡಿ, ಎಂಡ್ ಕರೆಯಿರಿ. ನಡುವೆ ಪ್ರಿಯೆಂಪ್ಷನ್ (ಅರ್ಧಕ್ಕೇ ಬೇರೆ ಪ್ರೋಗ್ರಾಂಗೆ ಬದಲಾಗುವುದು) ನಿಂತಿರುತ್ತದೆ. ಇಂಟರಪ್ಟ್‌ನಲ್ಲಿ ಓಡುವ ಕೋಡ್ ಕೂಡ ಎಫ್‌ಪಿಯು ಈಗ ಬಳಸುವಂತಿಲ್ಲ ಅಂತ ತಿಳಿದು ಬೇರೆ ದಾರಿ ಹಿಡಿಯುತ್ತದೆ. ಬೆಲೆ ಏನೆಂದರೆ, ಆ ಅವಧಿಯಲ್ಲಿ ನಿದ್ದೆ ಹೋಗುವ ಯಾವ ಕರೆಯನ್ನೂ ಮಾಡುವಂತಿಲ್ಲ, ಶೆಡ್ಯೂಲರ್ ಕರೆದಾಗ ಲೂಪ್‌ನಿಂದ ಹೊರಗೆ ಬರಲೇಬೇಕು. ಕಲಿಕೆಯ ಯೋಜನೆಗೆ ಈ ಬೆಲೆ ಕೊಡಬಹುದು.

ಒಂದು ಅಪವಾದ ಹೇಳಿಬಿಡುತ್ತೇನೆ. ಮೆಮೊರಿ ಪ್ರೊಟೆಕ್ಷನ್ ಕೀಗಳ ಪಿಕೆಆರ್‌ಯು ರಿಜಿಸ್ಟರ್ ಕೂಡ ಎಕ್ಸ್‌ಸೇವ್‌ನ ಒಂದು ಘಟಕ. ಆದರೆ ಅದು ಲೆಕ್ಕದ ರಿಜಿಸ್ಟರ್ ಅಲ್ಲ, ಯೂಸರ್ ಪುಟಗಳನ್ನು ಯಾರು ಮುಟ್ಟಬಹುದು ಅಂತ ತೀರ್ಮಾನಿಸುವಂಥದ್ದು. ಗೆಸ್ಟ್‌ನ ಪಿಕೆಆರ್‌ಯು ಇಟ್ಟುಕೊಂಡು ಹೋಸ್ಟ್ ಕರ್ನಲ್ ಯೂಸರ್ ಮೆಮೊರಿ ಓದಲು ಹೋದರೆ ಇಲ್ಲದ ಫಾಲ್ಟ್ ಬರುತ್ತದೆ. ಹಾಗಾಗಿ ಅದು ಎಕ್ಸ್‌ಸಿಆರ್0 ಜೊತೆಗೆ, ಪ್ರತಿ ಎಂಟ್ರಿ ಮತ್ತು ಎಕ್ಸಿಟ್‌ನಲ್ಲಿ ಬದಲಾಗಬೇಕು. ನಿಮ್ಮ ಗೆಸ್ಟ್‌ಗೆ ಆ ಸೌಲಭ್ಯ ತೋರಿಸದೆ ಇರುವುದೇ ಸದ್ಯಕ್ಕೆ ಸುಲಭ.

ಲೇಜಿ ವಿಧಾನ ಯಾಕೆ ಬೇಡ ಅಂದೆ ಅಂತ ಹೇಳಬೇಕಲ್ಲ. ಅದರ ಯೋಚನೆ ಒಂದು ಕಾಲಕ್ಕೆ ಚೆನ್ನಾಗಿಯೇ ಇತ್ತು. ಸಿಆರ್0ನಲ್ಲಿ ಟಿಎಸ್ ಅನ್ನುವ ಬಿಟ್ ಇದೆ. ಅದು 1 ಇದ್ದಾಗ ಯಾರಾದರೂ ಎಫ್‌ಪಿಯು ಸೂಚನೆ ಓಡಿಸಿದರೆ ಎನ್‌ಎಂ ಅನ್ನುವ 7ನೇ ಎಕ್ಸೆಪ್ಷನ್ ಬರುತ್ತದೆ. ಪ್ರೋಗ್ರಾಂ ಬದಲಾದಾಗ ಎಫ್‌ಪಿಯು ಮುಟ್ಟದೆ ಟಿಎಸ್ ಹಾಕಿಬಿಡುವುದು, ಎನ್‌ಎಂ ಬಂದರೆ ಆಗ ಬದಲಾಯಿಸುವುದು. ಬಳಸದ ಪ್ರೋಗ್ರಾಂಗೆ ಖರ್ಚೇ ಇಲ್ಲ. ಹೈಪರ್‌ವೈಸರ್‌ನಲ್ಲಿ ಇದನ್ನು ಮಾಡಲು ಇನ್ನೊಂದು ಪದರ ಬೇಕು. ನಿಜವಾದ ಸಿಆರ್0ನಲ್ಲಿ ನೀವು ಟಿಎಸ್ ಹಾಕುತ್ತೀರಿ, ಗೆಸ್ಟ್ ಓದಿದರೆ ಅದಕ್ಕೆ ತನ್ನದೇ ಟಿಎಸ್ ಕಾಣಬೇಕು. ವಿಎಂಸಿಎಸ್‌ನ ಗೆಸ್ಟ್-ಹೋಸ್ಟ್ ಮಾಸ್ಕ್ ಮತ್ತು ರೀಡ್ ಶ್ಯಾಡೋ ಇರುವುದು ಇದಕ್ಕೇ. ಎನ್‌ಎಂ ಎಕ್ಸಿಟ್ ಆದಾಗ ಟಿಎಸ್ ಹಾಕಿದ್ದು ನೀವೋ, ಗೆಸ್ಟ್ ಕರ್ನಲೋ ಅಂತ ಶ್ಯಾಡೋ ನೋಡಿ ತೀರ್ಮಾನಿಸಬೇಕು. ನಿಮ್ಮದಾದರೆ ಎಫ್‌ಪಿಯು ಲೋಡ್ ಮಾಡಿ ಅದೇ ಸೂಚನೆಗೆ ವಾಪಸ್. ಗೆಸ್ಟ್‌ನದಾದರೆ ಎನ್‌ಎಂ ಅನ್ನು ಗೆಸ್ಟ್‌ಗೆ ಇಂಜೆಕ್ಟ್ ಮಾಡಬೇಕು. ಇಬ್ಬರೂ ಹಾಕಿದ್ದರೆ? ಅದನ್ನೂ ಇಂಜೆಕ್ಟ್ ಮಾಡಬೇಕು, ಮತ್ತು ಗೆಸ್ಟ್ ತನ್ನ ಟಿಎಸ್ ತೆಗೆದಾಗ ನಿಮ್ಮದು ಉಳಿದಿರಬೇಕು. ಬರೆಯಲು ಮಜವಾಗಿರುತ್ತದೆ, ಸರಿಯಾಗಿ ಬರೆಯುವುದು ಕಷ್ಟ.

ಕಷ್ಟಪಟ್ಟು ಬರೆದರೂ ಈಗ ಲಾಭ ಇಲ್ಲ. ಮೆಮ್‌ಕಾಪಿ, ಸ್ಟ್ರಿಂಗ್ ಹುಡುಕಾಟದಂಥ ಮಾಮೂಲಿ ಕೆಲಸಗಳೇ ವೆಕ್ಟರ್ ರಿಜಿಸ್ಟರ್ ಬಳಸುವುದರಿಂದ 'ಎಫ್‌ಪಿಯು ಬಳಸದ ಪ್ರೋಗ್ರಾಂ' ಅನ್ನುವುದೇ ಹೆಚ್ಚುಕಡಿಮೆ ಇಲ್ಲವಾಗಿದೆ. ಉಳಿಸಲು ಹೋದದ್ದು ಒಂದು ಎಕ್ಸ್‌ಸೇವ್, ಕೊಟ್ಟದ್ದು ಒಂದು ವಿಎಂ ಎಕ್ಸಿಟ್. ಎಕ್ಸ್‌ಸೇವ್‌ಆಪ್ಟ್, ಎಕ್ಸ್‌ಸೇವ್‌ಎಸ್ ಸೂಚನೆಗಳು ಬದಲಾಗದ ಘಟಕಗಳನ್ನು ತಾವೇ ಬಿಟ್ಟುಬಿಡುವುದರಿಂದ ಸೇವ್ ಖರ್ಚು ಇನ್ನೂ ಇಳಿಯುತ್ತದೆ. ಕೊನೆಯ ಮೊಳೆ ಹೊಡೆದದ್ದು 2018ರ ಜೂನ್‌ನಲ್ಲಿ ಹೊರಬಿದ್ದ ಲೇಜಿಎಫ್‌ಪಿ, ಅಂದರೆ ಸಿವಿಇ-2018-3665. ಟಿಎಸ್ ಹಾಕಿದ್ದರೂ ಹಲವು ಇಂಟೆಲ್ ಪ್ರೊಸೆಸರ್‌ಗಳು ಎನ್‌ಎಂ ಎತ್ತುವ ಮುಂಚೆ ಊಹೆಯ ಮೇಲೆ ಮುಂದಿನ ಸೂಚನೆಗಳನ್ನು ಓಡಿಸುತ್ತಿದ್ದವು, ಹಿಂದಿನವರ ರಿಜಿಸ್ಟರ್ ಬೆಲೆಗಳನ್ನು ಬಳಸಿಕೊಂಡೇ. ಆ ಬೆಲೆಯನ್ನು ಕ್ಯಾಶ್ ಸಮಯ ಅಳೆದು ಕದಿಯಬಹುದಿತ್ತು. ಎಇಎಸ್ ಎನ್‌ಕ್ರಿಪ್ಷನ್ ಸೂಚನೆಗಳ ಕೀಗಳು ಇರುವುದೇ ಎಕ್ಸ್‌ಎಂಎಂನಲ್ಲಿ ಅನ್ನುವುದು ನೆನಪಿರಲಿ. ಲಿನಕ್ಸ್ ಅದೃಷ್ಟವಶಾತ್ 2016ರಲ್ಲೇ, 4.6ನೇ ಆವೃತ್ತಿಯಿಂದ, ಈಗರ್ ವಿಧಾನಕ್ಕೆ (ಕಾಯದೆ ಆಗಲೇ ಬದಲಾಯಿಸುವುದಕ್ಕೆ) ಬಂದಿತ್ತು, ಅದೇ ವರ್ಷ 4.9ರಲ್ಲಿ ಲೇಜಿ ಕೋಡನ್ನೇ ತೆಗೆದುಹಾಕಿತು.

ಎವಿಎಕ್ಸ್-512 ಬಗ್ಗೆ ಕೇಳಿದ್ದಿರಿ. ಮೇಲಿನದ್ದು ಸರಿಯಿದ್ದರೆ ಅದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ, ಬಫರ್ ದೊಡ್ಡದಾಗುತ್ತದೆ ಅಷ್ಟೇ. ನಿಜವಾಗಿ ನಿಯಮ ಬದಲಾಗುವುದು ಇಂಟೆಲ್‌ನ ಮ್ಯಾಟ್ರಿಕ್ಸ್ ಲೆಕ್ಕದ ಸೌಲಭ್ಯವಾದ ಎಎಂಎಕ್ಸ್‌ನಲ್ಲಿ. ಅದರ ಟೈಲ್ ಡೇಟಾ ಒಂದೇ 8192 ಬೈಟ್. ಎಲ್ಲ ಸೇರಿ ಬಫರ್ 11 ಸಾವಿರ ಬೈಟ್ ಆಸುಪಾಸಿಗೆ ಹೋಗುತ್ತದೆ. ಕೆವಿಎಂನ ಹಳೆಯ ಎಕ್ಸ್‌ಸೇವ್ ಐಆಕ್ಟಲ್‌ನ ರಚನೆ 4096 ಬೈಟ್‌ನದ್ದು, ಹಾಗಾಗಿ ಅವರು ಎರಡನೆಯದನ್ನು ಸೇರಿಸಬೇಕಾಯಿತು. ಎಲ್ಲರಿಗೂ ಇಷ್ಟು ಜಾಗ ಕೊಡುವುದು ಬೇಡವೆಂದು ಹಾರ್ಡ್‌ವೇರ್‌ನಲ್ಲಿ ಎಕ್ಸ್‌ಎಫ್‌ಡಿ ಎಂಬ ಎಂಎಸ್‌ಆರ್ ಬಂತು. ಅದರಲ್ಲಿ ಬಿಟ್ ಹಾಕಿದ ಘಟಕವನ್ನು ಮೊದಲ ಸಲ ಮುಟ್ಟಿದಾಗ ಎನ್‌ಎಂ ಬರುತ್ತದೆ, ಆಗ ಕರ್ನಲ್ ಜಾಗ ಕೊಡಬಹುದು. ಲೇಜಿ ಮತ್ತೆ ಬಂತಲ್ಲ ಅನ್ನಿಸಬಹುದು. ಪೂರ್ತಿ ಅಲ್ಲ. ಇಲ್ಲಿ ತಡವಾಗುವುದು ಜಾಗ ಕೊಡುವುದು, ಬೇರೆಯವರ ಅಂಕಿ ರಿಜಿಸ್ಟರ್‌ನಲ್ಲಿ ಉಳಿಯುವುದಿಲ್ಲ.

ಎಕ್ಸ್‌ಸಿಆರ್0ನ ಪಾಠ ಎಕ್ಸ್‌ಎಫ್‌ಡಿಯಲ್ಲಿ ಇನ್ನೂ ಗಟ್ಟಿಯಾಗಿ ಮರುಕಳಿಸುತ್ತದೆ. ಎಕ್ಸ್‌ಎಫ್‌ಡಿ ಬಿಟ್ 1 ಇರುವಾಗ ಎಕ್ಸ್‌ಸೇವ್ ಮಾಡಿದರೆ ಫಾಲ್ಟ್ ಬರುವುದಿಲ್ಲ, ಆ ಘಟಕ ಆರಂಭದ ಸ್ಥಿತಿಯಲ್ಲಿದೆ ಅಂತ ಸದ್ದಿಲ್ಲದೆ ಬರೆದುಬಿಡುತ್ತದೆ. ಆದರೆ ಹೆಡರ್‌ನಲ್ಲಿ ಆ ಘಟಕದ ಬಿಟ್ 1 ಇರುವ ಬಫರ್ ಅನ್ನು ಎಕ್ಸ್‌ಆರ್‌ಸ್ಟೋರ್ ಮಾಡಿದರೆ ಎನ್‌ಎಂ ಬರುತ್ತದೆ, ಅದೂ ಹೋಸ್ಟ್ ಕರ್ನಲ್ ಒಳಗೆ. ಗೆಸ್ಟ್‌ನ ಎಕ್ಸ್‌ಎಫ್‌ಡಿ ಲೋಡ್ ಆಗಿದೆಯೋ, ಹೋಸ್ಟ್‌ನದ್ದೋ ಅನ್ನುವುದು ಸೇವ್ ಮಾಡುವ ಪ್ರತಿ ಸಾಲಿನಲ್ಲೂ ಗೊತ್ತಿರಬೇಕು. ನನ್ನ ಸಲಹೆ: ಗೆಸ್ಟ್‌ನ ಸಿಪಿಯುಐಡಿಯಲ್ಲಿ ಎಎಂಎಕ್ಸ್ ಬಿಟ್‌ಗಳನ್ನು ಸದ್ಯಕ್ಕೆ ಮರೆಮಾಡಿ.

ಮುಂದೆ ಸ್ನ್ಯಾಪ್‌ಶಾಟ್ ಅಥವಾ ಮೈಗ್ರೇಷನ್ (ಗೆಸ್ಟ್ ಅನ್ನು ಬೇರೆ ಯಂತ್ರಕ್ಕೆ ಸಾಗಿಸುವುದು) ಸೇರಿಸುವ ಆಸೆ ಇದ್ದರೆ ಒಂದು ಎಚ್ಚರಿಕೆ. ಯೂಸರ್‌ಸ್ಪೇಸ್‌ನಿಂದ ಬಂದ ಎಫ್‌ಪಿಯು ಬಫರ್ ನಂಬುವ ವಸ್ತುವಲ್ಲ. ಹೆಡರ್‌ನಲ್ಲಿ ಬೆಂಬಲವಿಲ್ಲದ ಬಿಟ್, ಎಂಎಕ್ಸ್‌ಸಿಎಸ್‌ಆರ್‌ನಲ್ಲಿ ಕಾಯ್ದಿರಿಸಿದ ಬಿಟ್, ಸೊನ್ನೆ ಇರಬೇಕಾದ ಕಡೆ ಕಸ, ಯಾವುದಿದ್ದರೂ ಎಕ್ಸ್‌ಆರ್‌ಸ್ಟೋರ್ ಜಿಪಿ ಎತ್ತುತ್ತದೆ. ಮೊದಲು ಪರೀಕ್ಷಿಸಿ, ಆಮೇಲೆ ಸ್ವೀಕರಿಸಿ. ಎಕ್ಸ್‌ಸೇವ್‌ಎಸ್ ಬರೆಯುವ ಒತ್ತಿದ ರೂಪವನ್ನು ಹೊರಗೆ ಕಳಿಸಬೇಡಿ. ಆನ್ ಇರುವ ಘಟಕಗಳಿಗೆ ತಕ್ಕಂತೆ ಅದರಲ್ಲಿ ಜಾಗಗಳು ಸರಿದಾಡುತ್ತವೆ. ಹೊರಗೆ ಹೋಗುವುದು ಸ್ಟ್ಯಾಂಡರ್ಡ್ ರೂಪದಲ್ಲೇ ಇರಲಿ. ಎಕ್ಸ್‌ಸೇವ್‌ಆಪ್ಟ್ ಬಳಸುವುದಾದರೆ ಇನ್ನೊಂದು: ಅದು 'ಇದೇ ವಿಳಾಸದಿಂದ ಕೊನೆಗೆ ಲೋಡ್ ಮಾಡಿದ್ದೆ, ಆಮೇಲೆ ಬದಲಾಗಿಲ್ಲ' ಅಂತ ಎಣಿಸಿ ಬರೆಯದೆ ಬಿಡುತ್ತದೆ. ಲೋಡ್ ಆದ ಮೇಲೆ ನೀವು ಆ ಬಫರ್ ಅನ್ನು ಮೆಮೊರಿಯಲ್ಲಿ ತಿದ್ದಿದರೆ ಬಫರ್‌ನಲ್ಲಿ ಇರುವುದಕ್ಕೂ ರಿಜಿಸ್ಟರ್‌ನಲ್ಲಿ ಇರುವುದಕ್ಕೂ ತಾಳೆಯಾಗದು. ತಿದ್ದಿದ ಮೇಲೆ ಮತ್ತೆ ಲೋಡ್ ಮಾಡಿಯೇ ಮುಂದೆ ಹೋಗಿ.

ಲೇಜಿ ಎಲ್ಲ ಕಡೆಯೂ ಸತ್ತಿದೆ ಅಂತ ಅಂದುಕೊಳ್ಳಬೇಡಿ. ಆರ್ಮ್ 64 ಬಿಟ್‌ನಲ್ಲಿ ಇಎಲ್2ರ (ಹೈಪರ್‌ವೈಸರ್ ಓಡುವ ಮಟ್ಟ) ಸಿಪಿಟಿಆರ್ ರಿಜಿಸ್ಟರ್ ಮೂಲಕ ಗೆಸ್ಟ್‌ನ ಮೊದಲ ಎಫ್‌ಪಿ ಬಳಕೆಯನ್ನು ಹಿಡಿಯಬಹುದು. ಕೆವಿಎಂ ಅಲ್ಲಿ ಗೆಸ್ಟ್‌ನ ಸ್ಥಿತಿಯನ್ನು ಹಾಗೆಯೇ ಬೇಕಾದಾಗ ಲೋಡ್ ಮಾಡುತ್ತದೆ. ಎಸ್‌ವಿಇ (ಆರ್ಮ್‌ನ ವೆಕ್ಟರ್ ಸೂಚನೆಗಳು) ಇದ್ದರೆ ವೆಕ್ಟರ್ ಉದ್ದ 128ರಿಂದ 2048 ಬಿಟ್‌ವರೆಗೆ ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು, ಆದ್ದರಿಂದ ಮೈಗ್ರೇಷನ್‌ಗೆ ಎರಡೂ ಕಡೆ ಒಪ್ಪುವ ಉದ್ದ ಮೊದಲೇ ಗೊತ್ತು ಮಾಡಬೇಕು. ರಿಸ್ಕ್-ವಿ ನನಗೆ ಇಷ್ಟ. ಅಲ್ಲಿ ಎಫ್‌ಎಸ್ ಅನ್ನುವ ಎರಡು ಬಿಟ್‌ಗಳು ಆಫ್, ಇನಿಶಿಯಲ್, ಕ್ಲೀನ್, ಡರ್ಟಿ ಅಂತ ನಾಲ್ಕು ಸ್ಥಿತಿ ಹೇಳುತ್ತವೆ. ಗೆಸ್ಟ್ ಓಡುವಾಗ ಗೆಸ್ಟ್‌ನದ್ದೂ ಹೈಪರ್‌ವೈಸರ್‌ನದ್ದೂ ಎರಡು ಪ್ರತಿ ಇರುತ್ತವೆ. ಗೆಸ್ಟ್ ಎಫ್‌ಪಿ ಸ್ಥಿತಿ ಬದಲಾಯಿಸಿದರೆ ಎರಡೂ ಡರ್ಟಿ ಆಗುತ್ತವೆ. ಸೇವ್ ಮಾಡಬೇಕೋ ಬೇಡವೋ ಅಂತ ಕೇಳಲು ಟ್ರ್ಯಾಪ್ ಬೇಕೇ ಇಲ್ಲ.

ಬದಲಾವಣೆ ಮುಗಿದ ಮೇಲೆ ಮ್ಯಾಟ್ರಿಕ್ಸ್ ಪ್ರೋಗ್ರಾಂ ನಂಬಿ ಕೂರಬೇಡಿ, ಅದು ತಪ್ಪನ್ನು ತೋರಿಸುತ್ತದೆ, ಜಾಗವನ್ನು ತೋರಿಸುವುದಿಲ್ಲ. ಗೆಸ್ಟ್‌ನಲ್ಲಿ ಒಂದು ಚಿಕ್ಕ ಅಸೆಂಬ್ಲಿ ಲೂಪ್ ಬರೆಯಿರಿ. ಪ್ರತಿ ವೆಕ್ಟರ್ ರಿಜಿಸ್ಟರ್‌ನ ಪ್ರತಿ 64 ಬಿಟ್ ತುಂಡಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ತುಂಬಿ. ಆ ಸಂಖ್ಯೆಯಲ್ಲೇ ಗೆಸ್ಟ್ ಯಾವುದು, ರಿಜಿಸ್ಟರ್ ಎಷ್ಟನೆಯದು, ತುಂಡು ಎಷ್ಟನೆಯದು ಇರಲಿ. ಮೆಮೊರಿಗೆ ಬರೆದು ಹೋಲಿಸುತ್ತಾ ಇರಿ, ನಡುವೆ ಸಿಪಿಯುಐಡಿ ಹಾಕಿ ಎಕ್ಸಿಟ್ ಮಾಡಿಸಿ. ಇಂಥ ಎರಡು ಗೆಸ್ಟ್‌ಗಳನ್ನು ಒಂದೇ ಕೋರ್‌ಗೆ ಕಟ್ಟಿ ಓಡಿಸಿ, ಅದೇ ಕೋರ್‌ನಲ್ಲಿ ಹೋಸ್ಟ್‌ನ ಎನ್‌ಕ್ರಿಪ್ಟ್ ಆದ ಡಿಸ್ಕ್‌ಗೆ ಬರೆಯುವ ಕೆಲಸವೂ ನಡೆಯುತ್ತಿರಲಿ. ಮೇಲಿನ ತುಂಡುಗಳು ಮಾತ್ರ ಕೆಟ್ಟರೆ ಮಾಸ್ಕ್ ಅಥವಾ ಎಕ್ಸ್‌ಸಿಆರ್0 ಕ್ರಮ ನೋಡಿ. ಇನ್ನೊಂದು ಗೆಸ್ಟ್‌ನ ಗುರುತು ಸಿಕ್ಕರೆ ಲೂಪ್‌ನ ಒಳಗೆ ಹೊರಗೆ ಹೋಗುವ ಕೋಡ್ ನೋಡಿ. ಯಾರ ಗುರುತೂ ಇಲ್ಲದ ಕಸ ಸಿಕ್ಕರೆ ಕರ್ನಲ್ ನಡುವೆ ಬಂದು ಬಳಸಿದೆ ಅಂತ ಅರ್ಥ. ಎಲ್ಲ ಸೊನ್ನೆ ಸಿಕ್ಕರೆ ಹೆಡರ್‌ನ ಬಿಟ್‌ಗಳನ್ನು ಪ್ರಿಂಟ್ ಮಾಡಿ ನೋಡಿ, ಎಲ್ಲೋ ಒಂದು ಕಡೆ ಲೋಡ್ ಬದಲು ಆರಂಭದ ಸ್ಥಿತಿಗೆ ಹೋಗಿದೆ.